ರಾಯವ್ವನ ಮೇವಿನ ಕೈ

ಸವದತ್ತಿ ಆಣೆಕಟ್ಟಿನ ಹಿನ್ನೀರಿನಲ್ಲಿ ಗಾಳ ಹಾಕುವವರಿಗೆಲ್ಲ ರಾಯವ್ವನ ಮನೆ ಗೊತ್ತಿತ್ತು. ದೊಡವಾಡದಿಂದ ಸೈಕಲ್ ತುಳಿದು ಬರುವವರಿರಲಿ, ಕಿತ್ತೂರು, ಬೈಲಹೊಂಗಲದಿಂದ ಬಸ್ಸು ಬದಲಿಸುತ್ತ ಬರುವವರಿರಲಿ, ನೀರಿಗೆ ಇಳಿಯುವ ಮೊದಲು ಅವಳ ಕಟ್ಟೆಯ ಹತ್ತಿರ ನಿಂತು, "ಯಕ್ಕಾ, ಮೇವು ಐತೇನು?" ಎಂದು ಕೇಳುವರು. ಅವಳು ಬುಟ್ಟಿಗೆ ಕೈ ಹಾಕುವ ಮೊದಲು ತಿರುಗಿ ಒಂದು ಮಾತು ಕೇಳುವಳು.

"ಗಾಳಕ್ಕೋ, ನೀರಿಗೋ?"

ಗಾಳಕ್ಕೆ ಕಟ್ಟುವ ಮೇವು ಬೇರೆ, ನೀರಿಗೆ ಚೆಲ್ಲುವ ಮೇವು ಬೇರೆ. ಯರಗಟ್ಟಿಯ ಎಣ್ಣೆ ಗಿರಣಿಯಿಂದ ತಂದ ಶೇಂಗಾ ಹಿಂಡಿಯನ್ನು ಅವಳು ನೆನೆ ಹಾಕಿ, ಕೈಯಿಂದಲೇ ಹಿಚುಕಿ, ಅದಕ್ಕೆ ಹುರಿದ ಜೋಳದ ನುಚ್ಚು, ಹುಳಿ ಬಂದ ಅಂಬಲಿ, ಚಿಟಿಕೆ ಅಜವಾನ ಸೇರಿಸುತ್ತಿದ್ದಳು. ಗಾಳದ್ದನ್ನು ರೊಟ್ಟಿಯ ಹಿಟ್ಟಿಗಿಂತ ಬಿಗಿಯಾಗಿ ನಾದಿ ಗೋಲಿಯಂಥ ಉಂಡೆ ಕಟ್ಟುವಳು. ನೀರಿಗೆ ಚೆಲ್ಲುವುದನ್ನು ಸಡಿಲಾಗಿಯೇ ಬಿಡುವಳು. ಅದು ನೀರಿಗೆ ಬಿದ್ದರೆ ಒಲೆಯ ಹೊಗೆಯಂತೆ ಹರಡುತ್ತ ಕೆಳಗಿಳಿಯಬೇಕು. ಮುದ್ದೆಯಾಗಿ ಮುಳುಗಿದರೆ ಅದು ಮೇವಲ್ಲ, ಕೆಸರು ಎನ್ನುವಳು.

ರಾಮದುರ್ಗದ ಕೆಳಗಿನ ಹೊಳೆದಂಡೆಯ ಊರಿನಿಂದ ಗಂಗಪ್ಪನನ್ನು ಮದುವೆಯಾಗಿ ಅವಳು ಬಂದದ್ದು ತೊಂಬತ್ತೊಂದನೆಯ ಇಸವಿಯಲ್ಲಿ. ಗಂಗಪ್ಪ ಅಂಬಿಗರವನು. ಹರಿಗೋಲು ನಡೆಸಿ, ಬಲೆ ಬೀಸಿ ಬದುಕುತ್ತಿದ್ದ. ಅವನ ತಾಯಿ ಶಟ್ಟೆವ್ವ ಸೊಸೆ ಬಂದ ಹೊಸದರಲ್ಲಿಯೇ ಮನೆಯ ರೀತಿಯನ್ನು ಹೇಳಿಕೊಟ್ಟಳು. ಒಲೆಯ ರೀತಿಯಲ್ಲ, ನೀರಿನ ರೀತಿ.

"ಗಾಳದ ಮೇವಂದ್ರ ಮೀನಿಗೆ ಕೇಳಿದಂಗ ಸೊಸೀ. ಬೇಕಾದ್ರ ಕಚ್ಚತೈತಿ, ಬ್ಯಾಡಾದ್ರ ಮೂಸಿ ಹೋಗತೈತಿ. ನೀರಾಗ ಚೆಲ್ಲಿದ್ವಿ ಅಂದ್ರ ಊಟಕ್ಕ ಕರದಂಗ. ಊಟಕ್ಕ ಕರದವರನ್ನ ಉಣ್ಣೂ ಮುಂದ ಮುಟ್ಟಬಾರದು. ಉಂಡು ಹೋಗುವಷ್ಟು ಹೊತ್ತು ಕೊಡಬೇಕು. ಚೆಲ್ಲಿದಾಕಿ ಕೈ ತೊಳದ್ಲಂದ್ರ ಊಟ ಮುಗೀತು. ಆಮ್ಯಾಲ ಬಲಿ."

ಅಲ್ಲೇ ಕುಳಿತು ಬಲೆ ಹೆಣೆಯುತ್ತಿದ್ದ ಗಂಗಪ್ಪ ನಕ್ಕ. "ಎಲ್ಲಾ ಉಂಡು ಹ್ವಾದ ಮ್ಯಾಲ ಬಲಿ ಒಗದ್ರ ನಮಗೇನ ಸಿಗತೈತಿ ಯವ್ವಾ, ನೀರೇನು?"

"ಉಂಡರೂ ಏಳದಂಥ ಆಶಾಬುರುಕ ಮೀನ ಇರತಾವಲ್ಲ, ಅವು ನಮ್ಮವು," ಎಂದಳು ಶಟ್ಟೆವ್ವ. "ನಿಮ್ಮಪ್ಪನೂ ಅಂಥಾವನ ಇದ್ದ, ಅದಕ್ಕ ನನಗ ಸಿಕ್ಕ."

ಆ ದಂಡೆಯ ಬಲೆಯವರೆಲ್ಲ ಈ ರೀತಿಯನ್ನು ಪಾಲಿಸುತ್ತಿದ್ದರು. ಹರೆಯದವರು ಹಿಂದೆ ನಗಾಡುತ್ತಿದ್ದರೂ ಮೇವು ಚೆಲ್ಲಿದವರ ಕೈ ನೀರಿಗೆ ಅದ್ದುವ ತನಕ ಬಲೆಯ ಹಗ್ಗಕ್ಕೆ ಕೈ ಹಚ್ಚುತ್ತಿರಲಿಲ್ಲ. ಅದೇನು ದೊಡ್ಡ ಕಟ್ಟಳೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಚೆಲ್ಲಿದವರು ಸ್ವಲ್ಪ ಹೊತ್ತು ನೋಡುವರು, ಕೈ ತೊಳೆಯುವರು, ಕೆಲಸ ಸುರುವಾಗುವುದು. ಅಷ್ಟೇ.

ಮದುವೆಯಾದ ವರ್ಷವೇ ಗಂಗಪ್ಪ ಅವಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹಿನ್ನೀರಿನ ನಡುವಿಗೆ ಹೋಗಿದ್ದ. ಅಲ್ಲಿ ಕೆಳಗೆ ಅವನು ಹುಟ್ಟಿದ ಊರಿತ್ತು. ಆಣೆಕಟ್ಟು ಕಟ್ಟಿದಾಗ ಮುಳುಗಿದ್ದು. ಅವನಿಗೆ ನೆನಪಿದ್ದದ್ದು ಕಡಿಮೆ. ಒಂದು ಬೇವಿನ ಗಿಡ, ಮನೆಯ ಕಲ್ಲಿನ ಹೊಸ್ತಿಲು, ಎತ್ತಿನ ಗಾಡಿಯಲ್ಲಿ ಬೀಸುಕಲ್ಲಿನ ಪಕ್ಕ ಕುಳಿತು ಊರು ಬಿಟ್ಟದ್ದು. ರಾಯವ್ವ ಹರಿಗೋಲಿನ ಅಂಚನ್ನು ಬೆರಳ ಗೆಣ್ಣುಗಳಿಂದ ಮೆಲ್ಲಗೆ ಬಡಿದಳು, ಬಾಗಿಲು ತಟ್ಟಿದ ಹಾಗೆ. ಆಮೇಲೆ ಮೇವನ್ನು ಬೆರಳ ಸಂದಿಯಿಂದ ಬಿಟ್ಟಳು, ಒಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಆ ಹಸಿರು ಕತ್ತಲೆಯೊಳಗಿಂದ ಮೀನುಗಳು ಮೇಲೆದ್ದು ಬಂದವು. ತಾನು ಅಷ್ಟು ವರ್ಷ ಬಲೆಯಲ್ಲಿ ಎಳೆದು ಹಾಕಿದ ಮೀನುಗಳನ್ನು ಗಂಗಪ್ಪ ಅವತ್ತೇ ಮೊದಲ ಸಲ ನೋಡಿದ. ಬಲೆಯಲ್ಲಿ ಬಂದದ್ದು ಬಡಿದಾಡುತ್ತದೆ. ಊಟಕ್ಕೆ ಬಂದದ್ದು ಹಾಗಲ್ಲ. ಸಾವಕಾಶ ಬಂದು, ಒಂದಕ್ಕೊಂದು ಜಾಗ ಕೊಟ್ಟು, ಬಾಯಿ ತೆರೆದು ಮುಚ್ಚಿ, ಹಾಗೆಯೇ ತಿರುಗಿ ಹೋಗುತ್ತದೆ.

"ಯಾಕ್ರೀ, ಸುಮ್ಮನಾದ್ರಿ?" ಎಂದು ಕೇಳಿದಳು ಅವಳು.

"ನಮ್ಮೂರಾಗ ಇನ್ನೂ ಮಂದಿ ಅದಾರಲ್ಲ ಅನಿಸ್ತು," ಎಂದ ಗಂಗಪ್ಪ.

ಕೆಲವು ವರ್ಷ ಕಳೆದ ಮೇಲೆ ಮೀನುಗಾರಿಕೆ ಇಲಾಖೆಯಿಂದ ಕಾಂತೇಶ ಎಂಬವರು ಆ ದಂಡೆಗೆ ಬಂದರು. ಸಣ್ಣ ಹುದ್ದೆ, ದೊಡ್ಡ ಛತ್ರಿ, ನಿಧಾನದ ಮನುಷ್ಯ. ರಾಯವ್ವನ ಕಟ್ಟೆಯ ಮೇಲೆ ಕುಳಿತು ಬಲೆಯವರಿಗೆಲ್ಲ ಕಾಯ್ದೆ ತಿಳಿಸಿದರು. ಬಲೆಗೂ ಗಾಳಕ್ಕೂ ಪಾಸ್ ಬೇಕು, ಮದ್ದು ಸಿಡಿಸಬಾರದು, ವಿಷ ಕಲಸಬಾರದು, ಕಣ್ಣು ಸಣ್ಣದಿರುವ ಬಲೆ ಕೂಡದು, ಮಳೆಗಾಲದಲ್ಲಿ ಮೀನು ತತ್ತಿ ಇಡುವಾಗ ಬಲೆ ಬಂದ್.

"ಮೇವಿಗೇನ ಐತ್ರಿ ಕಾಯ್ದೆ?" ಎಂದು ರಾಯವ್ವ ಒಳಗಿನಿಂದಲೇ ಕೇಳಿದಳು.

"ಮೇವಿಗೇನೂ ಇಲ್ಲಬೇ. ನೀರು ಕೆಡಬಾರದು, ಅಷ್ಟ. ಈ ನೀರು ಮಂದಿ ಕುಡೀತಾರ."

"ಅಂದ್ರ ಮೀನು ಮೋಸ ಹೋದ್ರ ಕೇಳಾವ್ರಿಲ್ಲ."

ಕಾಂತೇಶ ಛತ್ರಿಯನ್ನು ಮಡಚುತ್ತ ನಕ್ಕರು. "ಮೋಸಕ್ಕ ಕಾಯ್ದೆ ಬಂದ್ರ ಮದಲ ಮನಷ್ಯಾರಿಗೆ ಹಚ್ಚಬೇಕಾಗತೈತಿ ತಂಗಿ. ಮೀನಿನ ಪಾಳಿ ಬಾಳ ಹಿಂದ ಐತಿ."

ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆ. ಹಿಂದಿನ ಮಳೆಗಾಲಗಳು ಸರಿಯಾಗಿ ಆಗಿರಲಿಲ್ಲ. ಹಿನ್ನೀರು ಇಳಿಯುತ್ತ ಇಳಿಯುತ್ತ ಹಳೆಯ ಹೊಳೆಯ ಹಾದಿಗೆ ಹೋಗಿ ಸೇರಿತು. ಮುಳುಗಿದ ಊರಿನ ಗೋಡೆಗಳು ಒಂದೊಂದಾಗಿ ತಲೆ ಎತ್ತಿದವು. ಆ ಗೋಡೆಗಳ ಹಿಂದೆ, ಊರ ತಗ್ಗಿನಲ್ಲಿ, ಒಂದು ಮಡು ಮಾತ್ರ ಉಳಿಯಿತು. ಅಷ್ಟು ದೊಡ್ಡ ನೀರಿನಲ್ಲಿ ಚೆಲ್ಲಿಕೊಂಡಿದ್ದ ದೊಡ್ಡ ಮೀನುಗಳೆಲ್ಲ ಅಲ್ಲಿಗೇ ಬಂದು ಕೂಡಿದ್ದವು. ಆದರೆ ಅವು ಬಲೆಗೆ ಸಿಗುವಂತಿರಲಿಲ್ಲ. ಹಗಲೆಲ್ಲ ಮಡುವಿನಲ್ಲಿ ಇನ್ನೂ ಮುಳುಗಿದ್ದ ಮುರಿದ ಮನೆಗಳ ಒಳಗೆ ಇರುತ್ತಿದ್ದವು. ಬಲೆ ಒಗೆದರೆ ಕಲ್ಲಿಗೆ ಸಿಕ್ಕಿ ಹರಿಯುತ್ತಿತ್ತು.

ಆ ವರ್ಷ ಮೀನಿನ ಗುತ್ತಿಗೆ ಹಿಡಿದಿದ್ದವರು ಯರಗಟ್ಟಿಯ ಬಸವಣ್ಣೆಪ್ಪ. ಕಾಳು ವ್ಯಾಪಾರದ ಸಾಹುಕಾರರು. ಮೀನು ತಿನ್ನುವವರಲ್ಲ, ಮನೆಯಲ್ಲಿ ಅದರ ಹೆಸರನ್ನೂ ಎತ್ತುವವರಲ್ಲ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ದಂಡೆಗೆ ಬಂದರೆ ಗಾಳಿ ಬರುವ ದಿಕ್ಕು ನೋಡಿಕೊಂಡು ದೂರವೇ ನಿಲ್ಲುವರು. "ಸಾವ್ಕಾರ್ರ ಮೂಗಿಗೆ ಬ್ಯಾಡ, ಕಿಸೇಕ್ಕ ಬೇಕು," ಎಂದು ಬಲೆಯವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಗುತ್ತಿಗೆಯವರು ಹೂಂ ಎಂದರೆ ಮಾತ್ರ ಬಲೆಯವರ ಪಾಸ್ ಹೊಸದಾಗುತ್ತಿತ್ತು.

ಬಸವಣ್ಣೆಪ್ಪ ಗಂಗಪ್ಪನನ್ನು ಕರೆದು ಹೇಳಿದರು. "ಗಂಗಪ್ಪಾ, ನಿನ್ನ ಹೇಣತಿ ಕರದ್ರ ಮೀನ ಹೊರಗ ಬರತಾವಂತ. ಮಡುವಿನೊಳಗ ಊರ ಅಗಸಿ ಬಾಗಿಲ ಮುಂದಿನ ಬಯಲಾಗ ಕಲ್ಲಿಲ್ಲ. ಅಲ್ಲಿ ನೆಲಕ್ಕ ಬಲಿ ಹಾಸಿ ಇಡ್ರಿ. ಅಕಿ ಮೇವು ಚೆಲ್ಲಲಿ, ಮೀನ ಬರಲಿ, ಸುತ್ತಲಿಂದ ಬಲಿ ಎತ್ರಿ. ಒಂದು ಮುಂಜಾನಿ ಕೆಲಸ. ಮಳಿ ಬರೂದರಾಗ ಆಗಬೇಕು. ಆತಂದ್ರ ನಿನ್ನ ಪಾಸ್ ನನ್ನ ಜವಾಬ್ದಾರಿ. ಆಗಲಿಲ್ಲಂದ್ರ, ನೋಡು, ನನಗೂ ಗುತ್ತಿಗಿ ಬಿಟ್ಟಿ ಬಂದಿಲ್ಲ."

ಗಂಗಪ್ಪ ಕಾಂತೇಶರನ್ನು ಕೇಳಿದ. ಅವರು ಸುಳ್ಳು ಹೇಳಲಿಲ್ಲ. "ಕಾಯ್ದೆ ಪ್ರಕಾರ ತಪ್ಪಿಲ್ಲ ಗಂಗಪ್ಪ. ಬಂದ್ ಇನ್ನೂ ಸುರುವಾಗಿಲ್ಲ. ಬಲಿ ಕಣ್ಣು ದೊಡ್ಡದೈತಿ. ಮೇವು ವಿಷ ಅಲ್ಲ. ನಾ ತಡೀಲಿಕ್ಕೆ ಬರೂದಿಲ್ಲ. ಬೇಕಂದ್ರ ಬಂದು ನಿಂದರತೇನಿ."

ಮನೆಗೆ ಬಂದು ಹೇಳಿದಾಗ ರಾಯವ್ವ ಜೋಳ ಹಸನು ಮಾಡುತ್ತಿದ್ದಳು. ಪಾಸ್ ಹೋದರೆ ಹರಿಗೋಲು ದಂಡೆಯ ಮೇಲೆ ಮಗುಚಿ ಬೀಳುತ್ತದೆ ಎನ್ನುವುದನ್ನು ಅವಳಿಗೆ ಯಾರೂ ತಿಳಿಸಬೇಕಾಗಿರಲಿಲ್ಲ. "ಕರೀತೇನಿ," ಎಂದಳು. "ಉಂಡು ಹೋಗೂತನ ಹೊತ್ತು ಕೊಡಬೇಕು. ಆಮ್ಯಾಲ ಎಷ್ಟ ಉಳದಾವು ಅಷ್ಟ."

"ಆತು," ಎಂದ ಗಂಗಪ್ಪ. ನೆಲಕ್ಕೆ ಬಲೆ ಹಾಸುವ ಮಾತನ್ನು ಮಾತ್ರ ಅವನು ಹೇಳಲಿಲ್ಲ. ಮರುದಿನ ಅಂದಾನೆಪ್ಪ ಮತ್ತು ಉಳಿದ ಬಲೆಯವರ ಜೊತೆಗೆ ಹೋಗಿ ತಾನೇ ಬಲೆ ಹಾಸಿ ಬಂದ. ಅಂದಾನೆಪ್ಪ ಅವರಲ್ಲಿ ಹಿರಿಯ. ಬಲೆಯ ಅಂಚಿಗೆ ಕಲ್ಲು ಕಟ್ಟುತ್ತ, "ಬಾಗಿಲಾ ಹಾಕಿ ಊಟಕ್ಕ ಬಡಸಿದಂಗ ಆತಲ್ಲೋ ಗಂಗ್ಯಾ," ಎಂದ. ಗಂಗಪ್ಪ ಕೇಳಿಸಲಿಲ್ಲ ಎಂಬಂತೆ ಹಗ್ಗವನ್ನು ಸುತ್ತಿದ.

ಬಿಸಿಲು ಏರುವ ಮೊದಲೇ ಎಲ್ಲರೂ ಮಡುವಿನ ಹತ್ತಿರ ಇದ್ದರು. ಬಲೆಯವರು ಬಯಲಿನ ಸುತ್ತ ಹರಿಗೋಲುಗಳಲ್ಲಿ ಹಗ್ಗ ಹಿಡಿದು ಕುಳಿತಿದ್ದರು. ಬಸವಣ್ಣೆಪ್ಪ ಮುರಿದ ಗೋಡೆಯ ಮೇಲೆ ನಿಂತಿದ್ದರು. ಕಾಂತೇಶ ಛತ್ರಿ ಬಿಡಿಸಿಕೊಂಡು ಅವರಿಂದ ಸ್ವಲ್ಪ ದೂರ ನಿಂತಿದ್ದರು. ರಾಯವ್ವ ಗಂಡನ ಹರಿಗೋಲಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಗಾಳಿ ಇರಲಿಲ್ಲ. ನೀರು ಎಣ್ಣೆಯ ಹಾಗೆ ನಿಂತಿತ್ತು. ಅವಳು ಹರಿಗೋಲಿನ ಅಂಚನ್ನು ತಟ್ಟಿ, ಮೇವನ್ನು ಬಿಟ್ಟಳು.

ಮೊದಲು ಬಂದದ್ದು ಸಣ್ಣ ಗೆಂಡೆ ಮೀನು, ಬೆಳ್ಳಿಯ ಚೂರು ಚೆಲ್ಲಿದಂತೆ. ಆಮೇಲೆ ರೋಹು ಬಂದವು, ರೆಕ್ಕೆಗಳಲ್ಲಿ ಕುಂಕುಮದ ಬಣ್ಣ. ಆಮೇಲೆ ನೀರಿನ ಕೆಳಗೆ ಏನೋ ಕಪ್ಪಾಗಿ ಅಲುಗಿತು. ಗಂಗಪ್ಪ ಬಗ್ಗಿ ನೋಡಿದ. ಮುರಿದ ಮನೆಗಳ ಬಾಗಿಲುಗಳಿಂದ ಕಾಟ್ಲಾ ಮೀನುಗಳು ಹೊರಗೆ ಬರುತ್ತಿದ್ದವು. ದೊಡ್ಡ ತಲೆ, ಅಗಲ ಬಾಯಿ, ಒಂದೊಂದೂ ಕೈಗೂಸಿನಷ್ಟು ಭಾರದವು, ಕೆಲವು ಅದಕ್ಕೂ ದೊಡ್ಡವು. ಒಂದು ಬಾಗಿಲಿನಿಂದ ಒಂದರ ಹಿಂದೆ ಒಂದು ಬಂದವು. ಆ ಬಾಗಿಲಿನ ಕಲ್ಲಿನ ಹೊಸ್ತಿಲನ್ನು ಗಂಗಪ್ಪ ಗುರುತು ಹಿಡಿದ. ಅದು ಅವನು ಹುಟ್ಟಿದ ಮನೆ. ತಾನು ಅಂಬೆಗಾಲಿನಲ್ಲಿ ದಾಟಿದ ಹೊಸ್ತಿಲನ್ನು ಅವು ಅಷ್ಟು ಗಂಭೀರವಾಗಿ ದಾಟಿ ಬರುತ್ತಿದ್ದವು.

ನೀರಿನ ತುಂಬ ಮೀನಾಯಿತು. ಎಲ್ಲವುಗಳ ಹೊಟ್ಟೆ ತುಂಬಿ ಇಳಿಬಿದ್ದಿತ್ತು, ದಿನ ತುಂಬಿದ ಹೆಂಗಸಿನ ಹಾಗೆ. ಹೊರಳಿದಾಗ ಹೊಟ್ಟೆಯ ಕೆಳಗೆ ಹಳದಿ ಕಾಂತಿ ಹೊಳೆಯುತ್ತಿತ್ತು. ಮಳೆಯ ನೀರಿಗೆ ಕಾಯುತ್ತ ತತ್ತಿ ಹೊತ್ತುಕೊಂಡಿದ್ದವು. ಆ ನೀರಿನ ನಾಳೆಯ ಮೀನು ಎಷ್ಟಿತ್ತೋ ಅಷ್ಟೂ ಆ ಬಯಲಿನಲ್ಲಿ ಬಾಯಿ ತೆರೆದು ನಿಂತಿತ್ತು. ಗೋಡೆಯ ಮೇಲೆ ಬಸವಣ್ಣೆಪ್ಪ ಯಾವಾಗ ಚಪ್ಪಲಿ ಬಿಟ್ಟರೋ ಅವರಿಗೂ ತಿಳಿದಿರಲಿಕ್ಕಿಲ್ಲ. ಬರಿಗಾಲಲ್ಲಿ ನಿಂತಿದ್ದರು.

ಅಷ್ಟರಲ್ಲಿ ಒಂದು ಕಾಟ್ಲಾ ಬಾಲ ಬೀಸಿದ ಕಡೆ ಕೆಸರು ಸರಿದು ಬಲೆಯ ಅಂಚು ಕಂಡಿತು. ರಾಯವ್ವ ಅದನ್ನು ನೋಡಿದಳು. ಆ ಅಂಚಿನಿಂದ ಹಗ್ಗ ಮೇಲೆ ಬಂದು ಯಾರ ಕೈಯಲ್ಲಿ ಮುಗಿಯುತ್ತದೆ ಎಂದು ಕಣ್ಣಿನಿಂದಲೇ ಹಿಂಬಾಲಿಸಿದಳು. ಅದು ಗಂಗಪ್ಪನ ಕೈಯಲ್ಲಿ ಮುಗಿದಿತ್ತು. ಮೇವು ಮೆತ್ತಿದ ಬಲಗೈಯನ್ನು ನೀರಿಗೆ ತಾಗಿಸದೆ ಹಿಂದಕ್ಕೆ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು.

"ಎಳೀರಿ," ಎಂದರು ಬಸವಣ್ಣೆಪ್ಪ. ದನಿ ಸಣ್ಣಗಿತ್ತು. ಯಾರೂ ಎಳೆಯಲಿಲ್ಲ. ಕೆಮ್ಮಿ ಮತ್ತೆ ಹೇಳಿದರು. "ಏ, ಎಳೀರೋ. ಏನ ನೋಡಾಕತ್ತೀರಿ?"

ಅಂದಾನೆಪ್ಪ ಹೇಳಿದ. "ಅಕಿ ಕೈ ತೊಳೀಲಿ ಸಾವ್ಕಾರ್ರ."

"ಕೈಗೂ ಬಲಿಗೂ ಏನಪಾ ಸಂಬಂಧ?"

"ಊಟ ನಡದೈತ್ರಿ. ಚೆಲ್ಲಿದಾಕಿ ಕೈ ತೊಳಿಯೂತನ ಬಲಿ ಏಳೂದಿಲ್ಲ. ನಮ್ಮ ಮುತ್ತ್ಯಾನ ಕಾಲದಿಂದ ಹಂಗ."

"ತೊಳಿಯವ್ವ ತಂಗಿ," ಎಂದರು ಬಸವಣ್ಣೆಪ್ಪ. ಅವರ ದನಿಯಲ್ಲಿ ಅಧಿಕಾರಕ್ಕಿಂತ ಬೇಡಿಕೆಯೇ ಹೆಚ್ಚಿತ್ತು.

"ಇಲ್ರಿ," ಎಂದಳು ರಾಯವ್ವ. "ತೊಳಿಯೂದಿಲ್ಲ."

"ಯಾವಾಗ ತೊಳೀತಿ ಮತ್ತ?"

"ಇವು ಊಟ ಮುಗಿಸಿ ಮನಿ ಸೇರಿದ ಮ್ಯಾಲ. ಬಾಗಿಲಾ ಹಾಕಿ ಬಡಸೂ ಊಟಾ ನನಗ ಗೊತ್ತಿಲ್ರಿ."

"ಗಾಳಕ್ಕ ಮೇವು ಕಟ್ಟಿ ಕಟ್ಟಿ ಮಾರತಿ. ಅದ್ರಾಗ ಮೀನ ಸಾಯೂದಿಲ್ಲೇನು? ಅದು ಪುಣ್ಯ, ಇದು ಪಾಪ?"

"ಪಾಪ ಪುಣ್ಯ ನೀವು ಓದಿದಾವ್ರು ಹೇಳಬೇಕ್ರಿ. ಗಾಳದ್ದು ಮೂಸಿ ನೋಡಿ ಬ್ಯಾಡ ಅಂತ ಹೋಗಾಕ ಬರತೈತಿ. ಇವು ನಾ ಬಾಗಿಲಾ ಬಡದೆ ಅಂತ ಬಂದಾವು. ತತ್ತಿ ಹೊತ್ತ ಹೊಟ್ಟೀಲೆ ಬಂದಾವು."

ಬಸವಣ್ಣೆಪ್ಪ ಕಾಂತೇಶರ ಕಡೆಗೆ ತಿರುಗಿದರು. "ಏನ್ರಿ ಸಾಹೇಬ್ರ, ಹಿಂಗ ತಡೀಲಿಕ್ಕೆ ಕಾಯ್ದೆ ಐತೇನು?"

"ನನ್ನ ಕಾಯ್ದೆದಾಗ ಕೈ ತೊಳಿಯೂ ಸುದ್ದೀನ ಇಲ್ರಿ," ಎಂದರು ಕಾಂತೇಶ. "ತೊಳೀರಿ ಅನ್ನಾಕೂ ಬರೂದಿಲ್ಲ, ಬ್ಯಾಡ ಅನ್ನಾಕೂ ಬರೂದಿಲ್ಲ."

ಬಸವಣ್ಣೆಪ್ಪ ಕೊನೆಗೆ ಗಂಗಪ್ಪನ ಕಡೆ ನೋಡಿದರು. "ನೀ ಎಳಿಯಪಾ. ನಿನ್ನ ಪಾಸಿನ ಮಾತೈತಿ."

ಗಂಗಪ್ಪನ ಕೈಯಲ್ಲಿ ಹಗ್ಗ ಇತ್ತು. ಮೊದಲು ಅವನೊಬ್ಬ ಎಳೆದರೆ ಉಳಿದವರು ಎಳೆಯುತ್ತಿದ್ದರೋ ಏನೋ. ಅವನು ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ನೀರನ್ನು ನೋಡುತ್ತಿದ್ದಳು. ಹರಿಗೋಲಿನ ಪಕ್ಕಕ್ಕೇ ಒಂದು ಮುದಿ ಕಾಟ್ಲಾ ಬಂದು ನಿಂತಿತ್ತು. ಎಂದೋ ಯಾರದೋ ಗಾಳ ಹರಿದುಕೊಂಡು ಹೋಗಿ ತುಟಿ ಸೀಳಿತ್ತು. ಆ ಸೀಳು ತುಟಿಯಿಂದಲೇ ಅದು ಮೇವನ್ನು ಎಳೆದುಕೊಂಡು, ಬಾಯಿ ಮುಚ್ಚಿ, ಸುತ್ತು ತಿರುಗಿ, ಹಾಸಿದ ಬಲೆಯ ಮೇಲೆಯೇ ನೆರಳು ಬಿಡುತ್ತ ಹೊಸ್ತಿಲಿನ ಕಡೆ ಹೋಯಿತು. ಅದರ ಹಿಂದೆ ಉಳಿದವೂ ಹೋದವು. ಪಂಕ್ತಿ ಎದ್ದ ಹಾಗೆ ಎಲ್ಲವೂ ಎದ್ದವು, ಒಂದೂ ಉಳಿಯಲಿಲ್ಲ. ಗಂಗಪ್ಪನ ಕೈಯಲ್ಲಿ ಹಗ್ಗ ಹಾಗೆಯೇ ಇತ್ತು.

"ಇವತ್ತ ಒಂದೂ ಆಶಾಬುರುಕ ಇಲ್ಲ ನೋಡು," ಎಂದ ಅಂದಾನೆಪ್ಪ, ಯಾರಿಗೂ ಅಲ್ಲ ಎಂಬಂತೆ.

ಮೀನು ಮನೆ ಸೇರಿದವು. ಆದರೂ ರಾಯವ್ವ ಕೈ ತೊಳೆಯಲಿಲ್ಲ. ತೊಳೆದರೆ ಊಟ ಮುಗಿದಂತೆ. ಮುಗಿದರೆ ನಾಳೆ ಇನ್ನೊಬ್ಬರು ಚೆಲ್ಲಬಹುದು, ಹಾಸಿದ ಬಲೆ ಏಳಬಹುದು. ತೊಳೆಯದಿದ್ದರೆ ಆ ಮಡುವಿನಲ್ಲಿ ಊಟ ನಡೆದೇ ಇದೆ. ದಂಡೆಯ ಯಾವ ಬಲೆಯವನೂ ಅಲ್ಲಿ ಹಗ್ಗ ಮುಟ್ಟುವಂತಿಲ್ಲ. ಅಷ್ಟು ಕಾಲದ ರೀತಿಯೊಳಗೆ ಇಂಥದೊಂದು ಬಾಗಿಲು ಇದ್ದದ್ದು ಯಾರಿಗೂ ಹೊಳೆದಿರಲಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಕೈಯನ್ನು ಮಣಿಕಟ್ಟಿನ ತನಕ ಕಟ್ಟಿಕೊಂಡು ಅವಳು ಮನೆಗೆ ಬಂದಳು.

ಸಂಜೆಯೇ ಬಸವಣ್ಣೆಪ್ಪನವರ ಆಳು ಬಂದು ಗಂಗಪ್ಪನ ಪಾಸ್ ಒಯ್ದ. ಗಂಗಪ್ಪ ಸಿಟ್ಟಿನಿಂದ ಅಂಗಳದಲ್ಲಿ ತಿರುಗಾಡಿದ. "ಇನ್ನೇನ ತಿನ್ನೋಣು? ನಿನ್ನ ಕೈಯಾನ ಹಿಂಡಿ ನೆಕ್ಕೋಣೇನು?"

"ಹಗ್ಗ ನಿಮ್ಮ ಕೈಯಾಗಿತ್ತಲ್ರಿ," ಎಂದಳು ರಾಯವ್ವ. "ಎಳೀಬೇಕಾಗಿತ್ತು."

ಅವನು ತಿರುಗಾಟ ನಿಲ್ಲಿಸಿದ. ಯಾಕೆ ಎಳೆಯಲಿಲ್ಲ ಎಂದು ಅವನು ತನ್ನನ್ನೇ ಕೇಳಿಕೊಂಡ. ಆ ಹೊಸ್ತಿಲು, ಆ ಸೀಳು ತುಟಿ, ಆ ನೆರಳು ಕಣ್ಣ ಮುಂದೆ ಬಂದವು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೊತ್ತು ಇಳಿದಾಗ ಒಲೆಯ ಮುಂದೆ ಅವನೇ ಕುಳಿತ. ಅವಳು ಎಡಗೈಯಿಂದ ತೋರಿಸಿದ ಹಾಗೆ ರೊಟ್ಟಿ ಬಡಿದ. ಅದು ಒಂದು ಕಡೆ ದಪ್ಪ, ಒಂದು ಕಡೆ ಹರುಕು.

"ಇದೇನ ರೊಟ್ಟಿಯೋ, ಹಿನ್ನೀರಿನ ನಕಾಶಿಯೋ?" ಎಂದಳು ಶಟ್ಟೆವ್ವ ಬೆರಳಾಡಿಸಿ. ಆಗ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ರಾಯವ್ವ ಎಡಗೈಯಿಂದ ಉಣ್ಣುವವಳಲ್ಲ. ಗಂಗಪ್ಪ ರೊಟ್ಟಿ ಮುರಿದು, ಪಲ್ಲೆ ಸುತ್ತಿ, ಅವಳ ಮುಂದೆ ಹಿಡಿದ. "ನಿನ್ನ ಕೈಯಾಗ ಮೀನ ಅದಾವು, ನನ್ನ ಕೈಯಾಗ ರೊಟ್ಟಿ ಐತಿ. ಬಾಯಿ ತಗಿ." ಮದುವೆಯಲ್ಲಿ ತುತ್ತು ಇಟ್ಟ ಮೇಲೆ ಅವನು ಅವಳಿಗೆ ಉಣಿಸಿದ್ದು ಅದೇ ಮೊದಲು. ಅವಳು ತಲೆ ತಗ್ಗಿಸಿ ಉಂಡಳು.

ದಿನಗಳು ಹೋದವು. ಬಟ್ಟೆಯೊಳಗೆ ಮೇವು ಹುಳಿಯಿತು, ಒಣಗಿತು, ಬೆವರಿಗೆ ಮತ್ತೆ ನೆನೆಯಿತು. ಓಣಿಯ ಬೆಕ್ಕುಗಳು ಅವಳ ಹಿಂದೆಯೇ ಸುತ್ತಾಡಿದವು. "ಸೊಸೀ, ಈಗ ನನಗ ಕಣ್ಣು ಬೇಕಾಗಿಲ್ಲ. ನೀ ಮನ್ಯಾಗ ಎಲ್ಲಿದ್ದೀ ಅಂತ ಮೂಗ ಹೇಳತೈತಿ," ಎಂದು ಶಟ್ಟೆವ್ವ ನಗುವಳು. ನಕ್ಕ ಮೇಲೆ ಆ ಕಟ್ಟಿದ ಕೈಯನ್ನು ಹುಡುಕಿ ಹಿಡಿದು ತನ್ನ ಹಣೆಗೆ ಒತ್ತಿಕೊಳ್ಳುವಳು. "ತೊಳಿಯೂತನ ಅಂತ ನಮ್ಮತ್ತಿ ಹೇಳಿದ್ಲು. ತೊಳೀದಿದ್ರ ಏನಾಗತೈತಿ ಅಂತ ನಾವ್ಯಾರೂ ಕೇಳಿರಲಿಲ್ಲ."

ಬೆಳಿಗ್ಗೆ ಅಂದಾನೆಪ್ಪ ಹಾದು ಹೋಗುವಾಗ ಕಟ್ಟೆಯ ಹತ್ತಿರ ನಿಲ್ಲುವನು. "ತಂಗಿ, ತೊಳದಿಯೇನು?"

"ಇಲ್ಲಣ್ಣಾ."

"ಆತು ತಗೋ," ಎಂದು ಬೇರೆ ಕಡೆಯ ನೀರಿಗೆ ಹೋಗುವನು.

ಬಸವಣ್ಣೆಪ್ಪ ಸುಮ್ಮನೆ ಕೂರಲಿಲ್ಲ. ಈ ರೀತಿ ಗೊತ್ತಿಲ್ಲದ ಪರವೂರಿನ ಬಲೆಯವರನ್ನು ಕರೆಸಿದರು. ಮೇವು ಎಂದರೆ ಹಿಂಡಿ ತಾನೆ, ಹಿಂಡಿ ಎಂದರೆ ನಮ್ಮ ಅಂಗಡಿಯ ಮಾಲು ಎಂದುಕೊಂಡು ಮೂಟೆಗಟ್ಟಲೆ ತಂದು ಮಡುವಿಗೆ ಸುರಿಸಿದರು. ಅದು ಮುದ್ದೆಯಾಗಿ ಮುಳುಗಿತು. ಮೀನು ಮನೆಯಿಂದ ಹೊರಗೆ ಬರಲಿಲ್ಲ. ಪರವೂರಿನವರು ಗೋಡೆಗಳ ನಡುವೆಯೇ ಬಲೆ ಬಿಟ್ಟರು, ಅದು ಕಲ್ಲಿಗೆ ಸಿಕ್ಕು ಹರಿಯಿತು. ಬಿಸಿಲಿಗೆ ತಳದ ಹಿಂಡಿ ಕೊಳೆತು ನೀರಿನ ಮೇಲೆ ನೊರೆ ಎದ್ದಿತು. ಸಣ್ಣ ಮೀನುಗಳು ಮೇಲೆ ಬಂದು ಬಾಯಿ ಬಡಿದವು.

ಆಗ ಕಾಂತೇಶ ಬಂದರು. ನೊರೆಯನ್ನು ಬೊಗಸೆಯಲ್ಲಿ ತೆಗೆದು ಮೂಸಿದರು. "ಇಲ್ಲಿ ಕಾಯ್ದೆ ಐತ್ರಿ ಸಾವ್ಕಾರ್ರ," ಎಂದರು. "ಮುಂದಿನ ತಿರುವಿನಾಗ ಕುಡಿಯೂ ನೀರಿನ ಪಂಪ್ ಐತಿ. ಇನ್ನೊಂದು ಮೂಟಿ ಬಿದ್ರ ನಾ ಕೇಸ್ ಹಾಕಬೇಕಾಗತೈತಿ." ಮೂಟೆಗಳು ಗಾಡಿ ಏರಿ ಹಿಂದಕ್ಕೆ ಹೋದವು, ಪರವೂರಿನವರೂ ಹೋದರು. ಅಂದಾನೆಪ್ಪ ಮತ್ತು ಗಂಗಪ್ಪ ತಳದ ಕೊಳೆಯನ್ನು ಬುಟ್ಟಿಯಿಂದ ಎತ್ತಿ ದಂಡೆಗೆ ಹಾಕಿದರು. ಪಾಸ್ ಇಲ್ಲದೆ ಗಂಗಪ್ಪ ನೀರಿಗೆ ಇಳಿದದ್ದನ್ನು ಕಾಂತೇಶ ನೋಡಿದರು. ನೋಡಿ, ಛತ್ರಿಯನ್ನು ಆ ಕಡೆ ಓರೆ ಮಾಡಿ ಹಿಡಿದುಕೊಂಡರು.

ಕಡೆಗೂ ಖಾನಾಪುರದ ಕಡೆಯ ಗುಡ್ಡಗಳಲ್ಲಿ ಮಳೆಯಾಯಿತು. ಇಲ್ಲಿ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಮೋಡವೇ ಇಲ್ಲದ ಬೆಳಗಿನಲ್ಲಿ ಮಲಪ್ರಭೆ ಕೆಂಪು ನೀರು ಹೊತ್ತುಕೊಂಡು ಬಂದಳು. ಮುಂದೆ ಕಸ ಕಡ್ಡಿ, ಅದರ ಹಿಂದೆ ಸದ್ದು, ಸದ್ದಿನ ಹಿಂದೆ ನೀರು. ದಂಡೆಯ ಮಂದಿಯೆಲ್ಲ ಓಡಿ ಬಂದು ನಿಂತರು. ಕೆಂಪು ನೀರು ಮಡುವನ್ನು ಮುಟ್ಟಿತು. ಅಷ್ಟು ದಿನ ಗೋಡೆಗಳ ಒಳಗೆ ಕುಳಿತಿದ್ದವು ಆ ಮಣ್ಣಿನ ವಾಸನೆಗೆ ಎದ್ದವು. ಸೆಳವಿಗೆ ಎದುರಾಗಿ ಹೊರಟವು. ಒಂದು ಬೆನ್ನು ನೀರಿನ ಮೇಲೆ ಎದ್ದು ಹೊಳೆದು ಮುಳುಗುತ್ತಿತ್ತು, ಇನ್ನೊಂದು ಬೆನ್ನು ಏಳುತ್ತಿತ್ತು. ತೆಳ್ಳಗೆ ನೀರು ಹರಿಯುವ ಕಡೆ ಹೊಟ್ಟೆಯನ್ನು ಕಲ್ಲಿಗೆ ತಾಗಿಸಿಕೊಂಡೇ ಹತ್ತಿದವು. ಹೊಳೆಯೇ ಎರಡು ದಿಕ್ಕಿಗೆ ಹರಿಯುತ್ತಿದೆ ಎನ್ನಿಸಿತು ಗಂಗಪ್ಪನಿಗೆ, ನೀರು ಕೆಳಗೆ, ಮೀನು ಮೇಲೆ.

ರಾಯವ್ವ ಮೊಣಕಾಲಿನ ತನಕ ನೀರಿಗೆ ಇಳಿದು ಬಟ್ಟೆ ಬಿಚ್ಚಿದಳು. ಕೈ ಬೆಳ್ಳಗೆ ಸುಕ್ಕುಗಟ್ಟಿ, ಬೆರಳ ಸಂದಿಗಳಲ್ಲಿ ಹುಣ್ಣಾಗಿತ್ತು. ನೀರಿಗೆ ಹಿಡಿದಳು. ಬಲೆಯವರು ನೋಡಿದರು. ಈಗ ಊಟ ಮುಗಿದಿತ್ತು. ಆದರೆ ಮಳೆಗಾಲದ ಬಂದ್ ಸುರುವಾಯಿತೆಂದು ಕಾಂತೇಶ ಡಂಗುರ ಸಾರಿಸಿ ಆಗಿತ್ತು. ಸಾರಿಸಿರದಿದ್ದರೂ ಅವತ್ತು ಯಾರ ಹೆಗಲ ಮೇಲೂ ಬಲೆ ಇರಲಿಲ್ಲ.

ಬಸವಣ್ಣೆಪ್ಪನವರೂ ಬಂದಿದ್ದರು. ಮಂದಿಯಿಂದ ದೂರ ನಿಂತು ನೋಡಿ, ಆಮೇಲೆ ಹತ್ತಿರ ಬಂದರು. ಗಾಳಿಯ ದಿಕ್ಕು ನೋಡಲಿಲ್ಲ.

"ಎಲ್ಲಿಗವ್ವ ಇವು ಹೊಂಟದ್ದು?"

"ತವರಮನಿಗ್ರಿ," ಎಂದಳು ರಾಯವ್ವ. "ಹಡಿಯಾಕ."

ಅವರು ಕೊರಳ ಲಿಂಗವನ್ನು ಒಮ್ಮೆ ಮುಟ್ಟಿಕೊಂಡರು. "ಪಾಸ್ ಈ ವರ್ಷ ಕೊಡೂದಿಲ್ಲ ತಂಗಿ. ನಾಕು ಮಂದಿ ಮುಂದ ಹೇಳೇನಿ," ಎಂದರು.

"ಹೂಂ ಬಿಡ್ರಿ."

"ಆದ್ರ ಆವತ್ತ ಅವು ಬಂದಿದ್ದು..." ಎಂದು ಸುರು ಮಾಡಿದವರು ಮಾತನ್ನು ಮುಗಿಸಲಿಲ್ಲ. ನೀರಿನ ಕಡೆ ಇನ್ನೊಮ್ಮೆ ನೋಡಿ ಹೊರಟು ಹೋದರು.

ಅವರು ಹೇಳಿದಂತೆಯೇ ಮಾಡಿದರು. ಗಂಗಪ್ಪ ಆ ವರ್ಷ ಯರಗಟ್ಟಿಯ ಬಜಾರಿನಲ್ಲಿ ಚೀಲ ಹೊತ್ತ. ಹರಿಗೋಲು ಅಂಗಳದಲ್ಲಿ ಬೋರಲು ಬಿದ್ದು ಕೋಳಿಗಳಿಗೆ ಗೂಡಾಯಿತು. ಗುತ್ತಿಗೆ ಬದಲಾಗಿ ಪಾಸ್ ಮತ್ತೆ ಸಿಕ್ಕದ್ದು ಮರುವರ್ಷ. ರಾಯವ್ವನ ಬೆರಳುಗಳು ಮಾಯ್ದವು, ಆದರೆ ಕೊನೆಯ ಎರಡು ಬೆರಳು ಪೂರಾ ಮಡಚಲು ಬರದಂತೆ ಉಳಿದವು. ರೊಟ್ಟಿಗೆ ತೊಂದರೆಯಾಗಲಿಲ್ಲ, ಮೇವಿನ ಉಂಡೆ ಮಾತ್ರ ಮೊದಲಿನಷ್ಟು ಗುಂಡಗಾಗುತ್ತಿರಲಿಲ್ಲ.

ಆ ವರ್ಷವೇ ಶ್ರಾವಣ ಕಳೆದು ಹಿನ್ನೀರು ಏರಿ, ಗೋಡೆಗಳೆಲ್ಲ ಮತ್ತೆ ಮುಳುಗಿದ ಮೇಲೆ, ಒಂದು ರವಿವಾರ ಗಂಗಪ್ಪ ಮನೆಯಲ್ಲಿದ್ದ. ನೀರಿಗೆ ಹೋದ ರಾಯವ್ವ ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಲು ಹೋದ. ಅವಳು ದಂಡೆಯ ಕಲ್ಲಿನ ಮೇಲೆ ಬರಿಯ ಕೊಡ ಹಿಡಿದುಕೊಂಡು ಕುಕ್ಕರುಗಾಲಿನಲ್ಲಿ ಕುಳಿತಿದ್ದಳು.

"ಯಾಕ, ಕೊಡಾ ತುಂಬಲಿಲ್ಲ?"

"ಹ್ಯಾಂಗ ತುಂಬ್ಲಿ, ನೋಡ್ರಿ," ಎಂದಳು.

ಅವನು ಬಗ್ಗಿ ನೋಡಿದ. ದಂಡೆಯ ಉದ್ದಕ್ಕೂ, ಕಣ್ಣು ಹೋಗುವ ತನಕ, ನೀರು ಕಪ್ಪಗಿತ್ತು. ಕರಿ ಎಳ್ಳಿನಂಥ ಮರಿಗಳು, ಒಂದಕ್ಕೊಂದು ಅಂಟಿಕೊಂಡಷ್ಟು ದಟ್ಟವಾಗಿ, ಎಲ್ಲವೂ ಒಂದೇ ಕಡೆ ಮುಖ ಮಾಡಿ ನಡುಗುತ್ತಿದ್ದವು. ಕೊಡ ಅದ್ದಿದರೆ ನೀರಿಗಿಂತ ಮೊದಲು ಅವೇ ಒಳಗೆ ಬರುತ್ತಿದ್ದವು. ಗಂಗಪ್ಪ ಹೆಂಡತಿಯ ಪಕ್ಕದಲ್ಲಿ ಕುಳಿತ. ಮರಿಗಳು ಸ್ವಲ್ಪ ಸರಿದು ಒಂದು ಕೊಡ ನೀರಿಗೆ ಜಾಗ ಕೊಡುವ ತನಕ ಕಾಯುತ್ತ ಕುಳಿತರು.